ಟೆರೇಸ್ ಟೇಬಲ್ 14: ಹಾಫ್ಲಿಂಗ್ ರೋಗ್ ಎಷ್ಟು ದೂರ ನಿಲ್ಲಬೇಕು?

1/9

ಮೊದಲೇ ಹೇಳ್ಬಿಡ್ತೀನಿ, ಈ ಸಲದ್ದು ಉದ್ದ ಇದೆ. ಒಂದು ಕ್ಯಾಪ್ಶನ್‌ನಲ್ಲಿ ಹಿಡಿಯಲ್ಲ, ಒಂಬತ್ತು ಪೋಸ್ಟ್ ಆಗುತ್ತೆ. ಸೇವ್ ಮಾಡ್ಕೊಂಡು ಮೆಟ್ರೋದಲ್ಲಿ ಓದಿ.

ಫೋಟೋದಲ್ಲಿರೋದು ನಮ್ಮ ಬ್ಯಾಟಲ್ ಮ್ಯಾಪ್. ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗ, ಸ್ಕೇಲ್ ಇಟ್ಟು ಎಳೆದ ಒಂದೊಂದು ಇಂಚಿನ ಚೌಕ. ಒಂದು ಚೌಕ ಅಂದ್ರೆ ಐದು ಅಡಿ. ಗೊಂಬೆ ಕೊಳ್ಳೋಕೆ ದುಡ್ಡಿಲ್ಲ. ಇದ್ರೂ ಪೀಣ್ಯದಲ್ಲಿ ಇದ್ಕೊಂಡು ಯಾರಾದ್ರೂ ಗೊಂಬೆ ಕೊಳ್ತಾರಾ? ಎಂ6 ನಟ್‌ಗಳೆಲ್ಲ ಗಾಬ್ಲಿನ್. ದಪ್ಪ ಎಂ20 ನಟ್ ಓಗರ್. ಉದ್ದದ ಬೋಲ್ಟ್ ನಮ್ಮ ಫೈಟರ್. ಆ ಮೂಲೆಯಲ್ಲಿ ಕಂಡೂ ಕಾಣದ ಹಾಗೆ ಬಿದ್ದಿರೋ ಹಿತ್ತಾಳೆ ವಾಷರ್ ಇದ್ಯಲ್ಲ, ಅದು ನನ್ನ ಹಾಫ್ಲಿಂಗ್. ಹೆಸರು ಗುಬ್ಬಿ.

ಹೊಸಬರಿಗೆ ಒಂದು ಮಾತು. ನಾವಾಡೋದು ಡಂಜನ್ಸ್ ಆ್ಯಂಡ್ ಡ್ರಾಗನ್ಸ್. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನೋರು ಹೊರತಂದ ಆಟ. ಒಬ್ಬರು ಡಿಎಂ, ಅಂದ್ರೆ ಕಥೆ ನಡೆಸೋರು. ಉಳಿದವರಿಗೆ ಒಂದೊಂದು ಪಾತ್ರ. ಗೆದ್ವಾ ಸೋತ್ವಾ ಅನ್ನೋದನ್ನ 20 ಮುಖದ ಡೈಸ್ ಹೇಳುತ್ತೆ. ನಮ್ಮ ಡಿಎಂ ಅಕ್ಕ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡ್ತಾರೆ, ಭಾನುವಾರ ಊರಿನ ಆ ತುದಿಯಿಂದ ಈ ತುದಿಗೆ ಬರ್ತಾರೆ. ದಾಸರಹಳ್ಳಿ ಹತ್ರ ನಮ್ಮ ಮನೆ ಟೆರೇಸ್, ನೀರಿನ ಟ್ಯಾಂಕ್ ನೆರಳು, ಐದು ಜನ, ಒಂದು ಫ್ಲಾಸ್ಕ್ ಟೀ.

ಹಾಫ್ಲಿಂಗ್ ಅಂದ್ರೆ ನಮ್ಮ ಸೊಂಟದೆತ್ತರದ ಜನ. ರೋಗ್ ಅಂದ್ರೆ ಎದುರಾಎದುರು ಬಲ ತೋರ್ಸದೆ, ಸಮಯ ನೋಡಿ ಹೊಡಿಯೋನು. ಆ ಹೊಡೆತದ ಹೆಸರು ಸ್ನೀಕ್ ಅಟ್ಯಾಕ್. ದೂರದಿಂದ ಬಾಣ ಬಿಟ್ಟೂ ಹೊಡೀಬಹುದು, ಹತ್ತಿರ ಹೋಗಿ ಕತ್ತೀಲೂ ಹೊಡೀಬಹುದು.

ಎಂಟು ತಿಂಗಳು ನಾನು ಬಾಣ ಮಾತ್ರ ಬಿಟ್ಟೆ. ಅದು ತಪ್ಪು ಅಂತ ಈಗ ಅನ್ಸಿದೆ. ಯಾಕೆ ಅಂತ ಹೇಳ್ತೀನಿ, ಲೆಕ್ಕ ಸಮೇತ.

2/9

ಮೂರು ವಾರದ ಹಿಂದಿನ ಭಾನುವಾರ. ಕಥೆಯಲ್ಲಿ ನಾವು ಒಂದು ಗುಹೆ ಒಳಗಿದ್ವಿ. ಇಕ್ಕಟ್ಟಾದ ದಾರಿ, ಎದುರಿಗೆ ಗಾಬ್ಲಿನ್ ಗುಂಪು, ಅದರ ಹಿಂದೆ ಓಗರ್.

ಫೈಟರ್ ಮುಂದೆ ನಿಂತ. ಯಾವಾಗ್ಲೂ ಅವನೇ. ಮೊದಲನೇ ದಿನ ಪಾತ್ರ ಆರಿಸ್ಕೊಳ್ವಾಗ್ಲೇ ಹೇಳಿದ್ದ, “ನಾನು ಮುಂದೆ ನಿಲ್ತೀನಿ, ನೀವು ಏನ್ ಬೇಕಾದ್ರೂ ಆಗಿ.” ಐಟಿಐ ಮುಗಿಸಿ ಇಲ್ಲೇ ಒಂದು ಮಷಿನ್ ಶಾಪಲ್ಲಿ ಕೆಲಸ. ವಾರವೆಲ್ಲ ಎಂಟು ಗಂಟೆ ನಿಂತಿದ್ದು ಭಾನುವಾರ ಬಂದು ಆಟದಲ್ಲೂ ಮುಂದೆ ನಿಲ್ತಾನೆ. ಈ ನಟ್ಟು ಬೋಲ್ಟು ಐಡಿಯಾನೂ ಅವಂದೇ.

ನಾನೆಲ್ಲಿದ್ದೆ? 70 ಅಡಿ ಹಿಂದೆ, ಒಂದು ಬಂಡೆ ಮೇಲೆ. ಶಾರ್ಟ್‌ಬೋ 80 ಅಡಿ ತನಕ ಸಲೀಸಾಗಿ ಹೊಡಿಯುತ್ತೆ. ಹಾಗಾಗಿ ಆರಾಮ. ಒಂದೊಂದು ಟರ್ನ್‌ಗೆ ಒಂದೊಂದು ಬಾಣ, ಒಂದೊಂದು ಗಾಬ್ಲಿನ್ ಢಮಾರ್. ನಾನು ಕುಣೀತಿದ್ದೆ.

ಅಷ್ಟರಲ್ಲಿ ಓಗರ್ ಮುಂದೆ ಬಂತು. ಎರಡು ಏಟು. ಫೈಟರ್ ಸೊನ್ನೆ ಎಚ್‌ಪಿಗೆ ಬಂದು ಬಿದ್ದ.

ನನ್ನ ಟರ್ನ್. ಬ್ಯಾಗಲ್ಲಿ ಹೀಲಿಂಗ್ ಪೋಷನ್ ಇದೆ. ಗುಬ್ಬಿ ಓಟ 25 ಅಡಿ. ರೋಗ್ ಆಗಿರೋದ್ರಿಂದ ಬೋನಸ್ ಆಕ್ಷನಲ್ಲಿ ಇನ್ನೊಂದು 25. ಒಟ್ಟು 50. ಪೋಷನ್ ಕುಡಿಸೋಕೆ ಪಕ್ಕದ ಚೌಕದಲ್ಲಿ ಇರಬೇಕು, ಅಂದ್ರೆ 5 ಅಡಿ. 55 ಅಡಿ ಒಳಗೆ ಇದ್ದಿದ್ರೆ ಕುಡಿಸ್ಬಹುದಿತ್ತು. ನಾನಿದ್ದದ್ದು 70ರಲ್ಲಿ. 15 ಅಡಿ ಕಮ್ಮಿ. ಮೂರು ಚೌಕ.

ಓಡಿದೆ. ಮೂರು ಚೌಕ ಉಳೀತು.

ಅವನ ಟರ್ನ್, ಡೆತ್ ಸೇವ್: ಬಿದ್ದಿದ್ದು 6. ಹತ್ತು ಬೇಕಿತ್ತು. ಒಂದು ಫೇಲ್. ಓಗರ್ ಟರ್ನ್: ಬಿದ್ದೋನ ಮೇಲೆ ಪಕ್ಕದಿಂದ ಹೊಡೆದ್ರೆ ಕ್ರಿಟಿಕಲ್, ಅದಕ್ಕೆ ಎರಡು ಫೇಲ್. ಮೂರಾಯ್ತು. ಕಥೆ ಮುಗೀತು.

ಅವನು ಕೂಗಾಡ್ಲಿಲ್ಲ. ಒಂದೇ ಕೇಳ್ದ.

“ನಿಂಗೆಷ್ಟು ಉಳ್ದಿದೆ?”
“24.”
“ಎಷ್ಟಕ್ಕೆ?”
“24ಕ್ಕೆ.”

ಬೋಲ್ಟ್ ಎತ್ತಿ ಜೇಬಿಗೆ ಹಾಕ್ಕೊಂಡು ಟೀ ಮುಗಿಸಿ ಹೊರಟ. ಮುಂದಿನ ಎರಡು ಭಾನುವಾರ ಬರ್ಲಿಲ್ಲ. ಓಟಿ ಅಂತ ಮೆಸೇಜ್ ಹಾಕಿದ್ದ.

3/9

ಈಗ ನಿಯಮ. ನಾವಾಡೋದು 2014ರ ಐದನೇ ಎಡಿಷನ್. ಅದರ ಮೂಲ ನಿಯಮಗಳು ಪುಕ್ಕಟೆ ಸಿಗ್ತವೆ. 2023ರ ಜನವರೀಲಿ ಅವನ್ನ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲೂ ಬಿಟ್ರು. ಬಿಕಾಂ ವಿದ್ಯಾರ್ಥಿಗೆ ಪುಕ್ಕಟೆ ಅನ್ನೋದು ದೊಡ್ಡ ಕಾರಣ.

ಸ್ನೀಕ್ ಅಟ್ಯಾಕ್ ಸಿಗಬೇಕಾದ್ರೆ ಎರಡರಲ್ಲಿ ಒಂದು ಇರಬೇಕು. ಒಂದು, ನಿಮಗೆ ಅಡ್ವಾಂಟೇಜ್ ಇರಬೇಕು. ಅಂದ್ರೆ ಎರಡು ಸಲ ಡೈಸ್ ಉರುಳಿಸಿ ದೊಡ್ಡದನ್ನ ತಗೊಳ್ಳೋ ಹಕ್ಕು. ಬಚ್ಚಿಟ್ಕೊಂಡು ಹೊಡೆದ್ರೆ ಇದು ಸಿಗುತ್ತೆ. ಇಲ್ಲಾಂದ್ರೆ ಎರಡನೇದು, ಶತ್ರುವಿನ ಐದಡಿ ಒಳಗೆ ಅವನ ಇನ್ನೊಬ್ಬ ಶತ್ರು, ಅಂದ್ರೆ ನಿಮ್ಮ ಕಡೆಯೋರು, ಎಚ್ಚರವಾಗಿ ನಿಂತಿರಬೇಕು. ಜೊತೆಗೆ ನಿಮಗೆ ಡಿಸ್‌ಅಡ್ವಾಂಟೇಜ್ ಇರಬಾರದು. ಆಯುಧ ಬಿಲ್ಲಿನ ಥರ ದೂರದ್ದಾಗಿರಬೇಕು, ಇಲ್ಲಾ ಶಾರ್ಟ್‌ಸ್ವೋರ್ಡ್, ರೇಪಿಯರ್, ಡ್ಯಾಗರ್ ಥರ ಕೈಚಳಕದ್ದಾಗಿರಬೇಕು.

ಎರಡನೇ ಷರತ್ತನ್ನ ಇನ್ನೊಂದು ಸಲ ಓದಿ. “ನಿಮ್ಮ ಕಡೆಯೋರು ಎಚ್ಚರವಾಗಿ ನಿಂತಿರಬೇಕು.” ಎಂಟು ತಿಂಗಳಿಂದ ನನ್ನ ಬಾಣಗಳಿಗೆ ಬಲ ಬಂದಿದ್ದು ಬಿಲ್ಲಿಂದಲ್ಲ. ಮುಂದೆ ಒಬ್ಬ ನಿಂತಿದ್ನಲ್ಲ, ಅವನಿಂದ. ಅವನು ಬಿದ್ದ ಕ್ಷಣಕ್ಕೆ ನನ್ನ ಸ್ನೀಕ್ ಅಟ್ಯಾಕ್ ಕೂಡ ಬಿತ್ತು.

ಬಚ್ಚಿಟ್ಕೊಳ್ಳೋ ವಿಷಯಾನೂ ಅಷ್ಟೇ. ಲೈಟ್‌ಫುಟ್ ಹಾಫ್ಲಿಂಗ್ ತನಗಿಂತ ದೊಡ್ಡ ಗಾತ್ರದವರ ಹಿಂದೆ ಅಡಗಬಹುದು. ಮನುಷ್ಯನ ಬೆನ್ನೇ ಗೋಡೆ. ಯಾರ ಬೆನ್ನು? ಅವನದ್ದೇ.

ಹಳೇ ಕಾಲದಲ್ಲಿ ಹೀಗಿರ್ಲಿಲ್ಲ. 1975ರಲ್ಲಿ ‘ಗ್ರೇಹಾಕ್’ ಅನ್ನೋ ಪುಸ್ತಕದಲ್ಲಿ ಥೀಫ್ ಬಂದಾಗ ಹಿಂದಿನಿಂದ ಹೋಗಿ ಹೊಡೀಬೇಕಿತ್ತು. 2000ದ ಮೂರನೇ ಎಡಿಷನಲ್ಲಿ ಸ್ನೀಕ್ ಅಟ್ಯಾಕ್ ಅನ್ನೋ ಹೆಸರು ಬಂತು, ಬಾಣಕ್ಕೂ ಅವಕಾಶ ಸಿಕ್ತು. ಆದ್ರೆ 30 ಅಡಿ ಒಳಗೆ ಮಾತ್ರ. ಆಮೇಲೆ ಆ 30 ಅಡಿ ಗೆರೆಯನ್ನೂ ಅಳಿಸಿದ್ರು. ಒಂದೊಂದು ಎಡಿಷನ್‌ಗೆ ಒಂದೊಂದು ಹೆಜ್ಜೆ ಹಿಂದೆ ಹೋಗೋಕೆ ನಮಗೆ ಪರ್ಮಿಷನ್ ಸಿಕ್ಕಿದೆ. ಪರ್ಮಿಷನ್ ಇದೆ ಅಂತ ಹೋಗ್ಲೇಬೇಕು ಅಂತೇನಿಲ್ಲ.

ಆ 30 ಅಡಿ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

4/9

“ದೂರದಿಂದ ಹೊಡೆದ್ರೇನೇ ಡ್ಯಾಮೇಜ್ ಜಾಸ್ತಿ” ಅಂತ ಎಲ್ರೂ ಹೇಳ್ತಾರೆ. ನಾನೂ ಹೇಳ್ತಿದ್ದೆ. ಕೂತು ಲೆಕ್ಕ ಹಾಕಿದೆ. ಕಾಸ್ಟಿಂಗ್ ಇಂಟರ್ನಲ್ಸ್‌ಗೆ ಓದೋ ಬದಲು ಇದನ್ನ ಮಾಡಿದೆ, ಅಪ್ಪನಿಗೆ ಹೇಳ್ಬೇಡಿ.

ಮೂರನೇ ಲೆವೆಲ್ ಗುಬ್ಬಿ. ಡೆಕ್ಸ್ಟೆರಿಟಿ 16, ಹಾಗಾಗಿ ಹೊಡೆಯೋಕೆ +5. ಶತ್ರುವಿನ ಎಸಿ 15. ಡೈಸಲ್ಲಿ 10 ಅಥವಾ ಮೇಲೆ ಬೀಳಬೇಕು, ಅಂದ್ರೆ 55%. ಹಾಫ್ಲಿಂಗ್‌ಗೆ ಅದೃಷ್ಟ ಇದೆ: 1 ಬಿದ್ರೆ ಮತ್ತೆ ಉರುಳಿಸ್ಬಹುದು. ಅದನ್ನ ಸೇರಿಸಿದ್ರೆ 57.75%.

ಮೂರನೇ ಲೆವೆಲಲ್ಲಿ ಸ್ನೀಕ್ ಅಟ್ಯಾಕ್ ಎರಡು ಆರು ಮುಖದ ಡೈಸ್, ಸರಾಸರಿ 7. ಶಾರ್ಟ್‌ಬೋ ಆಗ್ಲಿ ಶಾರ್ಟ್‌ಸ್ವೋರ್ಡ್ ಆಗ್ಲಿ ಸರಾಸರಿ 6.5. ಕ್ರಿಟಿಕಲ್ ಬಿಟ್ಟು, ಒಂದು ಟರ್ನ್‌ನ ಸರಾಸರಿ ಹೀಗೆ ಬರುತ್ತೆ:

▪️ ಬಿಲ್ಲು, ಬಚ್ಚಿಟ್ಕೊಳ್ಳದೆ: 7.8
▪️ ಬಿಲ್ಲು, ಬಚ್ಚಿಟ್ಕೊಂಡು: 11.1
▪️ ಎರಡು ಕೈಲಿ ಎರಡು ಶಾರ್ಟ್‌ಸ್ವೋರ್ಡ್: 11.5
▪️ 20 ಅಡಿ ಒಳಗಿಂದ ಎರಡು ಡ್ಯಾಗರ್ ಎಸೆದು: 10.4
▪️ ಒಂದು ಕತ್ತಿ ಏಟು, ಆಮೇಲೆ ಜಾರ್ಕೊಂಡು ವಾಪಸ್: 7.8

ನೋಡಿದ್ರಾ? ಬಿಲ್ಲಿಗೂ ಎರಡು ಕತ್ತಿಗೂ ಅರ್ಧ ಪಾಯಿಂಟ್ ವ್ಯತ್ಯಾಸ, ಅದೂ ಕತ್ತಿ ಕಡೆಗೆ. ಎರಡು ಏಟಲ್ಲಿ ಒಂದಾದ್ರೂ ತಗುಲೋ ಸಾಧ್ಯತೆ 82%, ಬಚ್ಚಿಟ್ಕೊಂಡು ಬಿಟ್ಟ ಬಾಣ ತಗುಲೋ ಸಾಧ್ಯತೆ ಕೂಡ ಹೆಚ್ಚುಕಮ್ಮಿ ಅಷ್ಟೇ. ಬಿಲ್ಲಿನ 11.1 ಬರೋಕೆ ಮೊದಲು ಬಚ್ಚಿಟ್ಕೊಳ್ಳೋದು ಸಕ್ಸಸ್ ಆಗಬೇಕು. ಶತ್ರು ನೋಡ್ಬಿಟ್ರೆ ಸೀದಾ 7.8ಕ್ಕೆ.

ಆದ್ರೆ ಡ್ಯಾಮೇಜ್‌ಗಿಂತ ದೊಡ್ಡ ವಿಷಯ ಇಲ್ಲಿ ಬೇರೇನೇ ಇದೆ. ಟರ್ನ್‌ಗೆ ಬೋನಸ್ ಆಕ್ಷನ್ ಒಂದೇ. ಬಚ್ಚಿಟ್ಕೊಳ್ಳೋಕೂ ಅದೇ, ಎರಡನೇ ಕತ್ತಿಗೂ ಅದೇ, ಏಟು ತಿನ್ನದೆ ಜಾರ್ಕೊಳ್ಳೋಕೂ ಅದೇ. ಒಂದು ವಸ್ತು, ಮೂರು ಗಿರಾಕಿ. ಒಂದಕ್ಕೆ ಕೊಟ್ರೆ ಉಳಿದೆರಡು ಹೋಯ್ತು. ಕ್ಲಾಸಲ್ಲಿ ಇದನ್ನೇ ಅವಕಾಶ ವೆಚ್ಚ ಅಂತ ಹೇಳಿಕೊಟ್ರು. ಅವತ್ತು ತಲೆಗೆ ಹತ್ತಿರ್ಲಿಲ್ಲ.

ಹಾಗಾಗಿ “ಯಾವುದರಲ್ಲಿ ಡ್ಯಾಮೇಜ್ ಜಾಸ್ತಿ” ಅನ್ನೋ ಪ್ರಶ್ನೆಗೆ ಅರ್ಥ ಇಲ್ಲ. “ಈ ಟರ್ನಲ್ಲಿ ಆ ಒಂದು ಬೋನಸ್ ಆಕ್ಷನ್ ಯಾರಿಗೆ ಬೇಕು” ಅಂತ ಕೇಳ್ಬೇಕು.

5/9

ಇನ್ನೊಂದು ಲೆಕ್ಕ ಉಳೀತು, ಎಚ್‌ಪಿದು.

ನನಗೆ 24. ಫೈಟರ್‌ಗೆ 31. ಬರೀ 7 ವ್ಯತ್ಯಾಸ! ಇದು ನೋಡಿ ನನಗೇ ಶಾಕ್. ಎಂಟು ತಿಂಗಳು ನಾನು ಗಾಜಿನ ಗೊಂಬೆ, ಅವನು ಬಂಡೆ ಅನ್ಕೊಂಡಿದ್ದೆ.

ಸುಳ್ಳು ಹೇಳಲ್ಲ, ಎಸಿಲಿ ದೊಡ್ಡ ವ್ಯತ್ಯಾಸ ಇದೆ. ಲೆದರ್ ಹಾಕಿರೋ ನನಗೆ 14, ಚೈನ್‌ಮೇಲ್ ಮತ್ತು ಗುರಾಣಿ ಇರೋ ಅವನಿಗೆ 18. ಗಾಬ್ಲಿನ್ +4ರಲ್ಲಿ ಹೊಡಿಯುತ್ತೆ. ನನಗೆ 55% ತಗುಲುತ್ತೆ, ಅವನಿಗೆ 35%. ಒಂದೇಟಿಗೆ ಸರಾಸರಿ 5.5. ಲೆಕ್ಕ ಹಾಕಿದ್ರೆ ನನ್ನ 24 ಖಾಲಿ ಆಗೋಕೆ ಸುಮಾರು ಎಂಟು ಪ್ರಯತ್ನ ಬೇಕು, ಅವನ 31ಕ್ಕೆ ಹದಿನಾರು. ಅಂದ್ರೆ ನಾನು ಅವನ ಅರ್ಧ ಗೋಡೆ.

ಅರ್ಧ ಗೋಡೆ ಅಂದ್ರೆ ಪೂರ್ತಿ ಗೋಡೆ ಅಲ್ಲ, ಒಪ್ಕೊಂಡೆ. ಫೈಟರ್ ಪಕ್ಕ ಕೊನೇ ತನಕ ನಿಂತ್ಕೊಂಡ್ರೆ ನಾನೇ ಮೊದಲು ಬೀಳೋದು. ಆದ್ರೆ ಅರ್ಧ ಗೋಡೆ ಸೊನ್ನೇನೂ ಅಲ್ಲ.

ನಮ್ಮ ಅಕೌಂಟ್ಸ್ ಮೇಷ್ಟ್ರು ಹೇಳ್ತಿರ್ತಾರೆ, ಕ್ಯಾಶ್ ಬಾಕ್ಸಲ್ಲಿ ಸುಮ್ನೆ ಮಲಗಿರೋ ದುಡ್ಡು ಉಳಿತಾಯ ಅಲ್ಲ ಅಂತ. ಸಂಬಳ ಕೊಡೋಕೆ ದುಡ್ಡಿಲ್ಲದೆ ಅಂಗಡಿ ಬಾಗಿಲು ಹಾಕ್ತು, ಆದ್ರೆ ಒಬ್ಬ ಪಾರ್ಟ್ನರ್ ಲಾಕರಲ್ಲಿ ಅವನ ಪಾಲು ಪೈಸೆ ಕದಲದೆ ಇತ್ತು ಅಂದ್ರೆ ಅವನನ್ನ ಜಾಣ ಅಂತೀರಾ? ಅವತ್ತು ನನ್ನ ಶೀಟಲ್ಲಿದ್ದ 24ಕ್ಕೆ 24 ಅದೇ. ಲಾಂಗ್ ರೆಸ್ಟ್ ಆದ್ರೆ ಎಚ್‌ಪಿ ಹೇಗಿದ್ರೂ ತುಂಬುತ್ತೆ. ಯುದ್ಧ ಮುಗಿದ ಮೇಲೆ ಉಳಿದ ಎಚ್‌ಪಿಗೆ ಬಡ್ಡಿ ಬರಲ್ಲ.

ಓಗರ್ ಹೊಡೆದ ಎರಡು ಏಟಲ್ಲಿ ಒಂದು ನನ್ನ ಕಡೆ ಬಂದಿದ್ರೆ? ಓಗರ್ ಏಟು ಸರಾಸರಿ 13. ನನಗೆ 11 ಉಳೀತಿತ್ತು. ನಾನೂ ನಿಂತಿರ್ತಿದ್ದೆ, ಅವನೂ ನಿಂತಿರ್ತಿದ್ದ. ಒಬ್ಬನೇ ಬಿದ್ದಿದ್ದು ನಮ್ಮಲ್ಲಿ ಬಲ ಕಮ್ಮಿ ಇತ್ತು ಅಂತಲ್ಲ. ಹಂಚ್ಕೊಳ್ಳೋ ದೂರದಲ್ಲಿ ನಾನಿರ್ಲಿಲ್ಲ, ಅದಕ್ಕೆ.

6/9

ಅಮ್ಮನ ಊರು ಕುಂದಾಪುರ ಕಡೆ. ಮಳೆಗಾಲದ ರಜೆಗೆ ಹೋದಾಗ ಅಜ್ಜನ ಜೊತೆ ತಾಳಮದ್ದಳೆಗೆ ಹೋಗ್ತಿದ್ದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾದಕ್ಕಿಳೀತಾರೆ. ಯೋಚ್ನೆ ಮಾಡಿದ್ರೆ ಅದೂ ರೋಲ್‌ಪ್ಲೇಯಿಂಗೇ. ಡೈಸ್ ಒಂದಿಲ್ಲ ಅಷ್ಟೇ.

ಅಲ್ಲಿ ಅಜ್ಜನಿಗೆ ಇಷ್ಟದ ಪ್ರಸಂಗ ವಾಲಿ ವಧೆ. ಈಗ ನಮ್ಮ ನಿಯಮ ಹಾಕಿ ನೋಡಿ. ವಾಲಿ, ಸುಗ್ರೀವ ಇಬ್ರೂ ಕೈಕೈ ಮಿಲಾಯಿಸಿದ್ದಾರೆ. ರಾಮ ಮರದ ಮರೆಯಲ್ಲಿ. ಬಚ್ಚಿಟ್ಕೊಂಡಿರೋದು ಒಂದು, ಶತ್ರುವಿನ ಐದಡಿ ಒಳಗೆ ನಮ್ಮ ಕಡೆಯವನು ಇರೋದು ಇನ್ನೊಂದು. ಎರಡೂ ಷರತ್ತು ಪೂರ್ತಿ. ಜಗತ್ತಿನ ಯಾವ ರೋಗ್‌ಗೂ ಇದಕ್ಕಿಂತ ಶುದ್ಧವಾದ ದೂರದ ಸ್ನೀಕ್ ಅಟ್ಯಾಕ್ ಸಿಕ್ಕಿರಲ್ಲ!

ಪ್ರಸಂಗದಲ್ಲಿ ಎಲ್ರೂ ಕಾಯೋದು ವಾಲಿಯ ಪ್ರಶ್ನೆಗೆ. ಎದುರಿಗೆ ಬಂದು ಯಾಕೆ ಹೊಡೀಲಿಲ್ಲ ಅಂತ ಬಿದ್ದಲ್ಲಿಂದಲೇ ರಾಮನನ್ನ ಹಿಡಿದು ಕೇಳ್ತಾನೆ. ಒಳ್ಳೇ ಅರ್ಥಧಾರಿ ಸಿಕ್ಕಿದ್ರೆ ಆ ವಾದಾನೇ ಗಂಟೆಗಟ್ಟಲೆ.

ನನಗೆ ಈಗ ಕಾಡ್ತಿರೋದು ವಾಲಿ ಅಲ್ಲ, ಸುಗ್ರೀವ. ಯಾಕಂದ್ರೆ ಬಾಣ ಬಿದ್ದಿದ್ದು ಎರಡನೇ ಸಲದ ಯುದ್ಧದಲ್ಲಿ. ಮೊದಲನೇ ಸಲ ರಾಮ ಬಾಣ ಬಿಡಲೇ ಇಲ್ಲ. ಅಣ್ಣತಮ್ಮ ಇಬ್ರೂ ಒಂದೇ ಥರ ಕಾಣ್ತಿದ್ರು, ಯಾರಿಗೆ ಹೊಡೆಯೋದು ಅಂತ ಗೊತ್ತಾಗ್ಲಿಲ್ಲ. ಸುಗ್ರೀವ ಚೆನ್ನಾಗಿ ಒದೆ ತಿಂದು, ರಕ್ತ ಸುರಿಸ್ಕೊಂಡು ಓಡಿ ಬಂದ. ಬಂದು ಕೇಳಿದ್ದು ಒಂದೇ, ನನ್ನನ್ನ ಮುಂದೆ ಬಿಟ್ಟು ನೀನು ಸುಮ್ನಿದ್ಯಲ್ಲ ಅಂತ. ಆಮೇಲೆ ಗಜಪುಷ್ಪಿ ಬಳ್ಳಿಯ ಮಾಲೆ ಹಾಕಿ ಗುರುತು ಮಾಡಿ ಮತ್ತೆ ಕಳಿಸಿದ್ರು.

ದೂರದ ಹೊಡೆತ ಧರ್ಮಾನೋ ಅಧರ್ಮಾನೋ ಅನ್ನೋದನ್ನ ಅರ್ಥಧಾರಿಗಳಿಗೆ ಬಿಡ್ತೀನಿ. ಆಟದಲ್ಲಿ ಶತ್ರುವಿಗೆ ಬಾಣ ಬಿಟ್ಟಿದ್ದಕ್ಕೆ ನನಗೇನೂ ಬೇಜಾರಿಲ್ಲ. ನನ್ನ ಬೇಜಾರು ಮುಂದೆ ನಿಂತೋನ ವಿಷಯದ್ದು. ದೂರದಿಂದ ಹೊಡಿಯೋನಿಗೆ ಮುಂದಿರೋನ ಮೈಮೇಲಿನ ಗಾಯ ಕಾಣಲ್ಲ. 70 ಅಡಿಯಿಂದ ನನಗೆ ಬೋಲ್ಟ್ ಕಾಣ್ತಿತ್ತು. ಅದರ ಪಕ್ಕ ಪೆನ್ಸಿಲಲ್ಲಿ ಅವನು ಅಳಿಸಿ ಬರೀತಿದ್ದ ನಂಬರ್ ಕಾಣ್ತಿರ್ಲಿಲ್ಲ. ನಾನು ಕೇಳ್ಲೂ ಇಲ್ಲ.

7/9

ಸರಿ, ಹತ್ತಿರ ಹೋಗೋದು ಹೇಗೆ? ಇದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ: ಒನಕೆ ಓಬವ್ವ.

ಕಥೆ ಎಲ್ಲರಿಗೂ ಗೊತ್ತು. ಚಿತ್ರದುರ್ಗದ ಕೋಟೆ, ಮದಕರಿ ನಾಯಕನ ಕಾಲ, ಹೈದರಾಲಿಯ ಸೈನ್ಯ. ಕಾವಲಿದ್ದ ಗಂಡ ಊಟಕ್ಕೆ ಬಂದಿದ್ದಾನೆ, ನೀರಿಗೆ ಹೋದ ಓಬವ್ವ ಕಿಂಡಿಯಲ್ಲಿ ಸೈನಿಕರು ನುಸುಳ್ತಿರೋದನ್ನ ನೋಡ್ತಾಳೆ. ಒನಕೆ ತಂದು ಪಕ್ಕದಲ್ಲಿ ನಿಂತು, ತಲೆ ಹೊರಗೆ ಬಂದ ಹಾಗೆ ಒಬ್ಬೊಬ್ಬನಿಗೂ ಒಂದೊಂದು. 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿಯವರನ್ನ ಆ ಪಾತ್ರದಲ್ಲಿ ನೋಡಿದ್ದೀರಿ.

ನಿಯಮದ ಪ್ರಕಾರ ಒನಕೆ ಕೈಚಳಕದ ಆಯುಧ ಅಲ್ಲ, ಹಾಗಾಗಿ ಓಬವ್ವನಿಗೆ ಸ್ನೀಕ್ ಅಟ್ಯಾಕ್ ಸಿಗಲ್ಲ. ಯಾವ ಡಿಎಂ ಅವಳ ಮುಂದೆ ನಿಂತು ಇದನ್ನ ಹೇಳ್ತಾನೋ ಹೇಳ್ಲಿ, ನೋಡೋಣ 😂

ಅವಳಿಂದ ಕಲಿಯೋದು ಜಾಗ. ಬಯಲಲ್ಲಿ ನಿಂತು ಸೈನ್ಯದ ಎದುರು ಹೊಡೆದಾಡ್ಲಿಲ್ಲ. ಒಂದು ಸಲಕ್ಕೆ ಒಬ್ಬನೇ ಬರೋ ಕಿಂಡಿ ಪಕ್ಕ ನಿಂತಳು. ಹಾಫ್ಲಿಂಗ್ ಹತ್ತಿರ ಹೋಗೋದಾದ್ರೆ ಹಾಗೇ ಹೋಗ್ಬೇಕು: ಬಾಗಿಲ ಸಂದು, ಕಂಬದ ಮರೆ, ಫೈಟರ್‌ನ ಪಕ್ಕದ ಮೂಲೆ. ಮೂರು ಜನ ಸುತ್ತುವರಿಯೋ ಜಾಗಕ್ಕೆ ಹೋಗ್ಬಾರ್ದು. ನಮಗಿಂತ ದೊಡ್ಡವರ ಚೌಕದೊಳಗೇ ನುಸುಳಿ ಆ ಕಡೆ ಹೋಗೋ ಅನುಕೂಲ ಬೇರೆ ಹಾಫ್ಲಿಂಗ್‌ಗೆ ಇದೆ. ಓಗರ್ ಕಾಲ್ಸಂದೀಲಿ ಕೂಡ!

ಇನ್ನೊಂದು ಉದಾಹರಣೆ ಕಬಡ್ಡಿ. ರೈಡರ್ ಎದುರಿನ ಅಂಗಳಕ್ಕೆ ಹೋಗೋದು ಅಲ್ಲೇ ಇರೋಕಲ್ಲ. ಮುಟ್ಟಿ ವಾಪಸ್ ಬರೋಕೆ. ರೋಗ್‌ಗೆ ಎರಡನೇ ಲೆವೆಲಿಂದ ಕನ್ನಿಂಗ್ ಆಕ್ಷನ್ ಇದೆ: ಹೋಗಿ, ಹೊಡೆದು, ಡಿಸ್‌ಎಂಗೇಜ್ ಮಾಡಿ ಏಟು ತಿನ್ನದೆ ವಾಪಸ್. ಆದ್ರೆ ನಮ್ಮ ಓಟ 25 ಅಡಿ, ಹೋಗೋಕೂ ಬರೋಕೂ ಸೇರಿ. ಎರಡು ಚೌಕ ಹೋದ್ರೆ ಮೂರು ಚೌಕ ವಾಪಸ್ ಬರಬಹುದು. 70 ಅಡಿಯಿಂದ ರೈಡ್ ಮಾಡೋಕಾಗಲ್ಲ, ಗೆರೆ ಹತ್ರಾನೇ ನಿಂತಿರಬೇಕು.

ಹತ್ತಿರ ಇದ್ರೆ ಇನ್ನೊಂದು ಲಾಭ. ಸ್ನೀಕ್ ಅಟ್ಯಾಕ್ ಇರೋದು ಟರ್ನ್‌ಗೊಂದು, ರೌಂಡ್‌ಗೊಂದಲ್ಲ. ಶತ್ರು ಅವನ ಟರ್ನಲ್ಲಿ ನಿಮ್ಮ ಪಕ್ಕದಿಂದ ಓಡಿದ್ರೆ ರಿಯಾಕ್ಷನಲ್ಲಿ ಕತ್ತಿ ಬೀಸಬಹುದು. ಷರತ್ತು ಸರಿಹೋದ್ರೆ ಒಂದೇ ರೌಂಡಲ್ಲಿ ಎರಡನೇ ಸ್ನೀಕ್ ಅಟ್ಯಾಕ್. ಬಿಲ್ಲಿಗೆ ಈ ಭಾಗ್ಯ ಇಲ್ಲ.

8/9

ಈಗ ನನ್ನ ನಿಯಮ. ಪುಸ್ತಕದ್ದಲ್ಲ, ನನಗೆ ನಾನೇ ಹಾಕ್ಕೊಂಡಿದ್ದು.

30 ಅಡಿ. ಮುಂದೆ ನಿಂತಿರೋರಿಂದ ಆರು ಚೌಕಕ್ಕಿಂತ ದೂರ ಹೋಗಲ್ಲ.

ಯಾಕೆ 30? ಹಾಫ್ಲಿಂಗ್ ಓಟ 25, ಕೈ ಚಾಚೋಕೆ 5. ಬೋನಸ್ ಆಕ್ಷನ್ ಖರ್ಚು ಮಾಡದೆ ಒಂದೇ ಟರ್ನಲ್ಲಿ ಗೆಳೆಯನ ಪಕ್ಕ ಮುಟ್ಟಿ ಪೋಷನ್ ಕುಡಿಸೋ ದೂರ ಅದು. 2000ದಲ್ಲಿ ಬರೆದೋರ ಮನಸ್ಸಲ್ಲಿ ಏನಿತ್ತೋ ಏನೋ, ಆ ಹಳೇ ಗೆರೆ ಗುಬ್ಬಿಗೆ ಅಳತೆ ತಗೊಂಡು ಹೊಲಿದ ಹಾಗಿದೆ. 2024ರ ಹೊಸ ಪುಸ್ತಕದಲ್ಲಿ ಹಾಫ್ಲಿಂಗ್ ಓಟ 30 ಆಗಿದೆ. ನಿಮ್ಮದು ಅದಾದ್ರೆ ಏಳು ಚೌಕ ಇಟ್ಕೊಳ್ಳಿ.

ಆ ಗೆರೆ ಒಳಗೆ ಏನ್ ಮಾಡ್ಬೇಕು?

1️⃣ ಯುದ್ಧದ ಶುರುವಿನಲ್ಲಿ ಬಿಲ್ಲು. ಫೈಟರ್ ಹಿಂದೆ ಅಡಗಿ ಹೊಡೀರಿ. ಶತ್ರುಗಳಲ್ಲಿ ಯಾರು ದೊಡ್ಡವರು ಅಂತ ಗೊತ್ತಾಗೋ ತನಕ ಹತ್ತಿರ ಹೋಗೋದು ಬೇಡ.

2️⃣ ಶತ್ರು ನಿಮ್ಮ ಐದಡಿ ಒಳಗೆ ಬಂದ್ರೆ ಬಿಲ್ಲು ಹಿಡ್ಕೊಂಡು ಒದ್ದಾಡ್ಬೇಡಿ. ಅಷ್ಟು ಹತ್ತಿರ ಬಾಣ ಬಿಟ್ರೆ ಡಿಸ್‌ಅಡ್ವಾಂಟೇಜ್, ಸ್ನೀಕ್ ಅಟ್ಯಾಕ್ ಹೋಯ್ತು. ಬಿಲ್ಲು ಕೆಳಗೆ ಬಿಡಿ, ಕತ್ತಿ ಎಳೀರಿ.

3️⃣ ಡ್ಯಾಗರ್ ನಾಲ್ಕಾದ್ರೂ ಇರಲಿ. ಹತ್ತಿರಕ್ಕೂ ಆಗುತ್ತೆ, 20 ಅಡಿಗೂ ಆಗುತ್ತೆ. ಬಿಲ್ಲು ಕತ್ತಿ ಮಧ್ಯೆ ಸೇತುವೆ ಅದೇ.

4️⃣ ಫೈಟರ್ ಎಚ್‌ಪಿ ಅರ್ಧಕ್ಕೆ ಇಳಿದ್ರೆ ರೈಡ್ ಶುರು. ಹೋಗಿ, ಹೊಡೆದು, ಬನ್ನಿ. ಒಂದು ಶತ್ರುವಾದ್ರೂ ನಿಮ್ಮ ಹಿಂದೆ ತಿರುಗಿದ್ರೆ ಅವನಿಗೆ ಬೀಳೋ ಏಟು ಒಂದು ಕಮ್ಮಿ.

5️⃣ ನಿಮ್ಮ ಎಚ್‌ಪಿಯಲ್ಲಿ ಮೂರನೇ ಒಂದು ಭಾಗ ಖರ್ಚಿಗೆ ಅಂತಾನೇ ಎತ್ತಿಡಿ. 24ರಲ್ಲಿ 8. ಅದು ಮುಗಿದ ಮೇಲೆ ಮತ್ತೆ ಬಿಲ್ಲು.

6️⃣ ಐದನೇ ಲೆವೆಲಿಗೆ ಅನ್‌ಕ್ಯಾನಿ ಡಾಡ್ಜ್ ಬರುತ್ತೆ. ರಿಯಾಕ್ಷನ್ ಕೊಟ್ರೆ ಒಂದು ಏಟು ಅರ್ಧ ಆಗುತ್ತೆ. ಅಲ್ಲಿಂದ ಧೈರ್ಯವಾಗಿ ಪಕ್ಕ ನಿಲ್ಲಬಹುದು. ರಿಯಾಕ್ಷನ್ ಕೂಡ ಒಂದೇ ಅನ್ನೋದು ನೆನಪಿರಲಿ. ಓಡೋ ಶತ್ರುಗೆ ಕತ್ತಿ ಬೀಸಿದ್ರೆ ಡಾಡ್ಜ್ ಇಲ್ಲ.

7️⃣ ಎಲ್ಲಕ್ಕಿಂತ ಮುಖ್ಯ, ಪ್ರತಿ ಟರ್ನ್ ಮುಂಚೆ ಬಾಯಿಬಿಟ್ಟು ಕೇಳಿ: “ಎಷ್ಟಿದೆ ನಿಂಗೆ?” ಇದಕ್ಕೆ ಯಾವ ಆಕ್ಷನ್ನೂ ಖರ್ಚಾಗಲ್ಲ.

9/9

ಬರೋ ಕಾಮೆಂಟ್ಸ್ ನಂಗೆ ಗೊತ್ತು, ಈಗ್ಲೇ ಉತ್ತರ ಹೇಳ್ತೀನಿ.

“ಗುರು, ಫೈಟರ್ ಇರೋದೇ ಏಟು ತಿನ್ನೋಕೆ.” ಹೌದು, ಹದಿನಾರು ಪ್ರಯತ್ನದ ತನಕ. ಹದಿನೇಳನೇದು ಯಾರಿಗೆ ಅಂತ ಮೊದಲೇ ಯೋಚ್ನೆ ಮಾಡಿರಬೇಕು.

“ಹತ್ತಿರ ಹೋಗಿ ರೋಗ್ ಸತ್ರೆ?” ಸಾಯಬಹುದು. ಬಯಲು ಜಾಗ ಆದ್ರೆ, ಹೀಲರ್ ಇಲ್ಲ ಅಂದ್ರೆ, ಎದುರಿಗೆ ಒಂದೇಟಿಗೆ 24 ತೆಗೆಯೋ ಪ್ರಾಣಿ ಇದ್ರೆ ಹೋಗ್ಬೇಡಿ. ಯಾವಾಗ್ಲೂ ಕತ್ತಿ ಅಂತ ನಾನು ಹೇಳ್ತಿಲ್ಲ. ಯಾವಾಗ್ಲೂ ಬಿಲ್ಲು ಅನ್ನೋದನ್ನ ಮಾತ್ರ ಬಿಡಿ ಅಂತಿದ್ದೀನಿ. ಎರಡಕ್ಕೂ ಬೇಕಿರೋದು ಡೆಕ್ಸ್ಟೆರಿಟಿ ಒಂದೇ. ಎರಡೂ ಬರೋ ಪಾತ್ರವನ್ನ ಒಂದಕ್ಕೆ ಕಟ್ಟಿಹಾಕಿದ್ದು ನನ್ನ ಭಯ, ನಿಯಮ ಅಲ್ಲ.

“ಡಿಎಂ ಉಳಿಸ್ಬಹುದಿತ್ತಲ್ಲ?” ಅಕ್ಕನನ್ನೇ ಕೇಳ್ದೆ. “ಉಳಿಸ್ಬಹುದಿತ್ತು ಕಣೋ. ಆದ್ರೆ ಅವತ್ತು ಟೇಬಲ್ ಸುತ್ತ ಇದ್ದ ನಾಲ್ಕು ಜನದಲ್ಲಿ ಅವನಿಗೆ ಎಷ್ಟಿದೆ ಅಂತ ಒಬ್ರೂ ಕೇಳ್ಲಿಲ್ಲ. ನಾನು ಕಾಯ್ತಿದ್ದೆ” ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

“ಒಂದು ಬೋಲ್ಟಿಗೆ ಇಷ್ಟು ಬೇಜಾರಾ?” ಹೂಂ. ಎಂಟು ತಿಂಗಳು ಭಾನುವಾರ ಭಾನುವಾರ ನನ್ನ ಮುಂದೆ ನಿಂತ ಬೋಲ್ಟ್ ಅದು.

ಮೊನ್ನೆ ಸಂಜೆ ಅವನ ಶಿಫ್ಟ್ ಬಿಡೋ ಹೊತ್ತಿಗೆ ಜಾಲಹಳ್ಳಿ ಕ್ರಾಸಲ್ಲಿ ಕಾದಿದ್ದೆ. ಗೋಬಿ ತಿನ್ನುತ್ತಾ ಈ ಲೆಕ್ಕ ಎಲ್ಲ ತೋರಿಸ್ದೆ. 7.8, 11.1, 11.5. ಅವನು ಪೂರ್ತಿ ನೋಡ್ದ. ಆಮೇಲೆ, “ಲೆಕ್ಕ ಚೆನ್ನಾಗಿದೆ. ಆದ್ರೆ ನಂಗೆ ಇಷ್ಟೆಲ್ಲ ಬೇಕಿರ್ಲಿಲ್ಲ ಮಗಾ. ಅವತ್ತು ನೀನು ಅಲ್ಲಿಂದ ಓಡಿ ಬಂದ್ಯಲ್ಲ, ಅದನ್ನ ಎರಡು ಟರ್ನ್ ಮುಂಚೆ ಮಾಡಿದ್ರೆ ಸಾಕಿತ್ತು” ಅಂದ.

ಈ ಭಾನುವಾರ ಬರ್ತೀಯಾ ಅಂತ ಕೇಳ್ದೆ. ಬಂದ್ರೆ ಈ ಸಲ ವಿಝರ್ಡ್ ಆಗ್ತೀನಿ, ಹಿಂದೆ ನಿಲ್ತೀನಿ ಅಂದ. ಹಾಗಾದ್ರೆ ಮುಂದೆ ಯಾರು ಅಂತ ಕೇಳಿದ್ದಕ್ಕೆ ನನ್ನ ಮುಖ ನೋಡಿ ನಕ್ಕ.

ವಾಷರ್‌ನ ತಿಕ್ಕಿ ತೊಳೆದಿಟ್ಟಿದ್ದೀನಿ. ಸ್ಟಡೆಡ್ ಲೆದರ್ ಕೊಂಡಿದ್ದೀನಿ, ಎಸಿ 15 ಆಯ್ತು. ಎರಡು ಶಾರ್ಟ್‌ಸ್ವೋರ್ಡ್, ಐದು ಡ್ಯಾಗರ್. ಬಿಲ್ಲು ಬೆನ್ನ ಮೇಲಿದೆ.

ನಿಮ್ಮ ಟೇಬಲಲ್ಲಿ ಮುಂದೆ ನಿಲ್ಲೋರು ಯಾರು? ಅವರನ್ನ ಕಾಮೆಂಟಲ್ಲಿ ಟ್ಯಾಗ್ ಮಾಡಿ, ಎಷ್ಟಿದೆ ಅಂತ ಕೇಳಿ. ಮುಂದಿನ ಸಲ: ಡೈಸ್ ಇಲ್ಲದಿದ್ರೆ ಚೌಕಾಬಾರದ ಕವಡೆಯಲ್ಲಿ ಆಡೋದು ಹೇಗೆ.

#ಟೆರೇಸ್‌ಟೇಬಲ್ #ಕನ್ನಡದಲ್ಲಿಡಿಎನ್‌ಡಿ #ಪೀಣ್ಯ #ಹಾಫ್ಲಿಂಗ್‌ರೋಗ್ #ಮೂರುಚೌಕ